ಬೆಂಕಿ ಮುಟ್ಟದ ಊಟ

ಆ ವರ್ಷ ನನಗೆ ಆಕಳಿಕೆ ಬಂದರೂ ಹೆದರಿಕೆಯಾಗುತ್ತಿತ್ತು. ಬಾಯಿ ಒಂಚೂರು ಅಗಲವಾಗಿ ತೆರೆದರೆ ಸಾಕು, ಎರಡೂ ಕಟಬಾಯಿ ಸೀಳಿ ರಕ್ತ ಜಿನುಗುತ್ತಿತ್ತು. ಆಕಳಿಕೆ ಬಂತು ಅನ್ನಿಸಿದ ಕೂಡಲೇ ಹೆಬ್ಬೆರಳು ತೋರುಬೆರಳಿನಿಂದ ತುಟಿಯ ಎರಡೂ ತುದಿ ಒತ್ತಿ ಹಿಡಿದು ಮೂಗಿನಿಂದಲೇ ಹೊರಗೆ ಬಿಡುವುದನ್ನು ಕಲಿತಿದ್ದೆ. ನಗು ಬಂದರೆ ಸೆರಗು ಅಡ್ಡ. ಮಾತು ಬಂದರೆ ಅರ್ಧ ಮಾತು. ಮುಂಜಾನೆ ಏಳುವಷ್ಟರಲ್ಲಿ ಅಲ್ಲಿ ಹಳದಿ ಪೊರೆ ಕಟ್ಟಿರುತ್ತಿತ್ತು. ಮುಖ ತೊಳೆದರೆ ನೆನೆದು ಬಿಡುತ್ತಿತ್ತು, ಹೊತ್ತೇರಿದಂತೆ ಒಣಗಿ ಮತ್ತೆ ಬಿಗಿಯುತ್ತಿತ್ತು. ನಾಲಿಗೆ ಬೇಡವೆಂದರೂ ಅಲ್ಲಿಗೇ ಹೋಗುತ್ತಿತ್ತು, ನೆಕ್ಕಿದಷ್ಟೂ ಉರಿ.

ನಮ್ಮ ಅತ್ತೆ ಸುಮ್ಮನಿರುವ ಪೈಕಿ ಅಲ್ಲ. "ಏನ್ ಬೇ, ಬಾಯಿಗೆ ಚಿಲಕಾ ಹಾಕ್ಕೊಂಡೀಯೇನ? ಹಾಕ್ಕೋಬೇಕಾದ ವಯಸ್ಸಿನ್ಯಾಗ ಹಾಕ್ಕೊಳ್ಳಲಿಲ್ಲ, ಈಗ ಹಾಕ್ಕೊಂಡಿ," ಅಂದರು. ನಾನು ನಕ್ಕೆ. ನಕ್ಕಿದ್ದಕ್ಕೆ ಬಲಗಡೆ ಸೀಳಿತು.

ನಮ್ಮದು ಶಿಗ್ಗಾಂವಿ. ಯಜಮಾನರದು ಕಾಳಿನ ದಲಾಲಿ ಅಂಗಡಿ. ಮಕ್ಕಳು ತಮ್ಮ ತಮ್ಮ ಸಂಸಾರದಲ್ಲಿದ್ದಾರೆ, ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಶಿವ ಕೊಟ್ಟಿದ್ದಕ್ಕೆ ಕಡಿಮೆ ಇಲ್ಲ. ಹೆದ್ದಾರಿಯ ಲಾರಿ ಸದ್ದು ಹಿತ್ತಲಿಗೆ ಕೇಳುವುದಿಲ್ಲ, ಬಾವಿಯ ನೀರು ಸಿಹಿ, ಮೂರೂ ಹೊತ್ತು ಒಲೆ ಉರಿಯುವ ಮನೆ. ಇವನ್ನೆಲ್ಲ ದಿನಾ ಪೂಜೆಗೆ ಕುಳಿತಾಗ ಮನಸ್ಸಿನಲ್ಲೇ ಎಣಿಸಿಕೊಳ್ಳುವುದು ನನ್ನ ರೂಢಿ. ಹಂಸಭಾವಿಯ ಹತ್ತಿರದ ನನ್ನ ತವರಿನಲ್ಲಿ ನಮ್ಮವ್ವ ಕಲಿಸಿದ್ದು ಅದು. ಬೇಡುವುದಕ್ಕೆ ಮೊದಲು ಇದ್ದದ್ದನ್ನು ಎಣಿಸು ಅನ್ನುತ್ತಿದ್ದಳು.

ಅಂಥ ಮನೆಯಲ್ಲಿ ನಾನೊಬ್ಬಳೇ ಹಸಿ ಸೌತೆಕಾಯಿ ಮೆಲ್ಲುತ್ತ ಕೂಡುವ ಹಾಗಾದದ್ದು ಒಂದು ಕಾಲುಬೆರಳಿನಿಂದ.

ಯಜಮಾನರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಹೊಸತಲ್ಲ. ಹೊಸ ಚಪ್ಪಲಿ ಕಚ್ಚಿ ಬಲಗಾಲಿನ ಕಿರುಬೆರಳಿಗೆ ಗಾಯವಾಯಿತು. ಅರಿಷಿಣ ಹಚ್ಚಿದರು, ಬಟ್ಟೆ ಕಟ್ಟಿದರು, ಅಂಗಡಿಗೆ ಹೋಗುತ್ತಲೇ ಇದ್ದರು. ಬೆರಳು ಕಪ್ಪಗಾದ ಮೇಲೆ ಹುಬ್ಬಳ್ಳಿಗೆ ಹೋದೆವು. ಅಲ್ಲಿಯ ಡಾಕ್ಟರು ನೋಡಿ, ಕೆಲವು ದಿನ ಔಷಧ ಕೊಟ್ಟು ನೋಡೋಣ, ವಾಸಿಯಾಗದಿದ್ದರೆ ಬೆರಳು ತೆಗೆಯಬೇಕಾಗುತ್ತದೆ, ತಡಮಾಡಿದರೆ ಪಾದಕ್ಕೇ ಬರುತ್ತದೆ ಅಂದರು. ನಮ್ಮ ಭಾವನವರಿಗೂ ಹೀಗೆಯೇ ಬೆರಳಿನಿಂದ ಸುರುವಾಗಿ ಮೊಣಕಾಲಿನ ತನಕ ಹೋಗಿತ್ತು. ಅವರು ಹೆಚ್ಚು ದಿನ ಬದುಕಲಿಲ್ಲ. ಬಸ್ಸಿನಲ್ಲಿ ತಿರುಗಿ ಬರುವಾಗ ನಾವಿಬ್ಬರೂ ಅದನ್ನೇ ನೆನೆಯುತ್ತಿದ್ದೆವು.

ಸವಣೂರಿನಲ್ಲಿ ಯಜಮಾನರ ಗೆಳೆಯರೊಬ್ಬರಿದ್ದಾರೆ. ಅವರು ಯಾವುದೋ ಶಿಬಿರಕ್ಕೆ ಹೋಗಿ ಬಂದು ಬೇಯಿಸಿದ ಊಟ ಬಿಟ್ಟವರು. ಅವರು ಬಂದು ಕುಳಿತು, ಒಲೆಯ ಮೇಲೆ ಇಟ್ಟ ಕೂಡಲೇ ಕಾಳಿನ ಜೀವ ಹೋಗುತ್ತದೆ, ಹಸಿಯಾಗಿಯೇ ತಿನ್ನು, ಸಕ್ಕರೆ ತಾನೇ ಇಳಿಯುತ್ತದೆ ಅಂತ ಹೇಳಿದರು. ಹೆದರಿದ ಮನುಷ್ಯ ಯಾರ ಮಾತನ್ನಾದರೂ ಕೇಳುತ್ತಾನೆ. ಯಜಮಾನರು ಮರುದಿನದಿಂದಲೇ ಸುರು ಮಾಡಿದರು. ಮೊಳಕೆ ಬರಿಸಿದ ಹೆಸರು, ಮಡಕಿ ಕಾಳು, ಗಜ್ಜರಿ, ಮೂಲಂಗಿ, ಹಕ್ಕರಕಿ ಸೊಪ್ಪು. ಹುಬ್ಬಳ್ಳಿಯ ಗುಳಿಗೆ ಮತ್ತು ಗಾಯಕ್ಕೆ ದಿನಾ ಪಟ್ಟಿ ಕಟ್ಟಿಸುವುದನ್ನು ಮಾತ್ರ ನಾನು ಬಿಡಗೊಡಲಿಲ್ಲ.

ಆ ದಿನಗಳಲ್ಲೇ ಒಂದು ಮುಂಜಾನೆ, ಪೂಜೆಗೆ ಕುಳಿತು ಅಂಗೈಯಲ್ಲಿ ಲಿಂಗ ಇಟ್ಟುಕೊಂಡಾಗ, ನನ್ನ ಬಾಯಿಂದ ಆ ಮಾತು ಬಂತು. ತಂದೆ, ಅವರ ಬೆರಳು ಉಳಿಸು. ಬೆಂಕಿ ಮುಟ್ಟಿದ್ದನ್ನು ನಾನು ಮುಟ್ಟುವುದಿಲ್ಲ.

ಅಷ್ಟೇ ಅಂದೆ. ಯಾವಾಗಿನ ತನಕ ಅಂತ ಹೇಳಲಿಲ್ಲ.

ನಮ್ಮವ್ವ ಹರಕೆ ಹೊತ್ತರೆ ವ್ಯವಹಾರಸ್ಥೆಯ ಹಾಗೆ ಹೊರುತ್ತಿದ್ದಳು. ಶ್ರಾವಣ ಮುಗಿಯುವ ತನಕ ಸಿಹಿ ತಿನ್ನುವುದಿಲ್ಲ, ದೀಪಾವಳಿ ತನಕ ಒಂದೇ ಹೊತ್ತು ಉಣ್ಣುತ್ತೇನೆ, ಹೀಗೆ. ಅವಧಿ ಮುಗಿದ ದಿನ ಜಂಗಮ ಅಯ್ಯನವರನ್ನು ಕರೆದು ಊಟಕ್ಕೆ ಹಾಕಿ ಮಂಗಲ ಮಾಡಿ ಕೈ ತೊಳೆದುಕೊಳ್ಳುತ್ತಿದ್ದಳು. ನಾನು ಅವಳ ಮಗಳಾಗಿಯೂ ಆ ಹೊತ್ತಿನ ಹೆದರಿಕೆಯಲ್ಲಿ ಅವಧಿ ಹೇಳುವುದನ್ನು ಮರೆತೆ. ಹೊತ್ತ ಹರಕೆಯನ್ನು ಬಾಯಿ ಬಿಟ್ಟು ಹೇಳಿದರೆ ಅದರ ಫಲ ಹೋಗುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಹಾಗಾಗಿ ಯಾರಿಗೂ ಹೇಳುವ ಹಾಗೂ ಇರಲಿಲ್ಲ.

ಬೆರಳು ಉಳಿಯಿತು. ಮೊದಲು ಕಪ್ಪು ಸುಲಿದು ಹೋಯಿತು, ಅದರಡಿ ಎಳೆಗೂಸಿನ ಚರ್ಮದಂಥ ಗುಲಾಬಿ ಚರ್ಮ ಬಂತು. ಸವಣೂರಿನ ಗೆಳೆಯರು ಅದು ಹಸಿ ಆಹಾರದ ಗುಣ ಅಂದರು. ಹುಬ್ಬಳ್ಳಿಯ ಡಾಕ್ಟರು ಪಟ್ಟಿ ಮತ್ತು ಗುಳಿಗೆಯ ಗುಣ ಅಂದರು. ನಾನು ಶಿವನಿಗೆ ಕೈ ಮುಗಿದೆ. ಒಂದು ಕಿರುಬೆರಳಿಗೆ ಮೂವರು ಹಕ್ಕುದಾರರು.

ಆಮೇಲೆ ಡಾಕ್ಟರು ಯಜಮಾನರಿಗೆ, ಬರೇ ಹಸಿ ತಿಂದು ಈ ಗುಳಿಗೆ ನುಂಗಿದರೆ ಸಕ್ಕರೆ ಪೂರಾ ಇಳಿದು ಎಲ್ಲಾದರೂ ಬಿದ್ದೀರಿ, ಹೊತ್ತಿಗೆ ಸರಿಯಾಗಿ ರೊಟ್ಟಿ, ಬೇಳೆ, ಮೊಸರು ತಿನ್ನಿ ಅಂತ ಹೇಳಿದರು. ಯಜಮಾನರು ಸವಣೂರಿನ ಗೆಳೆಯರಿಗೆ ಗೊತ್ತಾಗದ ಹಾಗೆ ರೊಟ್ಟಿಗೆ ತಿರುಗಿದರು. ಬಾಗಿಲು ಮುಂದೆ ಮಾಡಿ ಕುಳಿತು ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಉಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಉಂಡು ಬೆರಳು ನೆಕ್ಕಿ, "ನೀನೂ ಉಣ್ಣು ಬಾ," ಅಂದರು.

ನಾನು ನನಗೆ ಹಸಿಯೇ ಹಿಡಿಸಿದೆ, ಮೈ ಹಗುರಾಗಿದೆ ಅಂದೆ. ಸುಳ್ಳು ಹೇಳಿದೆ ಅಂತ ಅಲ್ಲ, ಮೈ ಹಗುರಂತೂ ಆಗಿತ್ತು.

ಬೆಂಕಿ ಮುಟ್ಟಿದ್ದು ಯಾವುದು ಅಂತ ಯೋಚಿಸಲು ಕುಳಿತರೆ ಜಗತ್ತೇ ಚಿಕ್ಕದಾಗುತ್ತದೆ. ರೊಟ್ಟಿ, ಅನ್ನ, ಸಾರು ಹೋದವು, ಸರಿ. ಬೆಲ್ಲ? ಕಬ್ಬಿನ ಹಾಲು ಕುದಿಸಿದ್ದು. ಅವಲಕ್ಕಿ? ಹುರಿದು ಕುಟ್ಟಿದ್ದು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎರಡೂ ಹುರಿದವು. ತುಪ್ಪ ಕಾಯಿಸಿದ್ದು. ಚಹಾದ ಮಾತೇ ಬೇಡ. ಹಾಲು ಮೊಸರಿನ ಬಗ್ಗೆ ಬಹಳ ಯೋಚಿಸಿದೆ. ಹಸಿ ಹಾಲು ಕುಡಿಯೋಣವೆಂದರೆ, ಅದು ಪಂಚಮಿಗೆ ನಾಗಪ್ಪನಿಗೆ ಎರೆಯುವುದು, ಮನುಷ್ಯರು ಕುಡಿದು ಹೊಟ್ಟೆ ಕೆಡಿಸಿಕೊಳ್ಳುವುದಲ್ಲ ಅಂತ ಅತ್ತೆ ಗಿಂಡಿ ಕಸಿದುಕೊಂಡರು. ಮೊಸರು ಕಾಯಿಸಿದ ಹಾಲಿನದೇ. ಹೀಗೆ ಹಾಲು, ಮೊಸರು, ಮಜ್ಜಿಗೆ ಮೂರೂ ಬಿಟ್ಟೆ. ಸಂಕ್ರಾಂತಿಗೆ ಎಲ್ಲರೂ ಸಜ್ಜಿ ರೊಟ್ಟಿ, ಮಾದಲಿ ಉಂಡರೆ ನಾನು ಕಬ್ಬು ತಿಂದೆ. ಕಬ್ಬಾದರೂ ಇತ್ತಲ್ಲ, ಆ ದಿನ ಹಾಗೆ ಎಣಿಸಿಕೊಂಡೆ.

ಒಲೆಯ ಮುಂದೆ ಕೂಡುವುದಂತೂ ತಪ್ಪಲಿಲ್ಲ. ದಿನಾ ಇಬ್ಬರಿಗೆ ರೊಟ್ಟಿ ಬಡಿಯಬೇಕು. ಸೋಮವಾರ ಇನ್ನೂ ಒಂದು ಪಾಲು ಹೆಚ್ಚು. ಅಂದು ನಮ್ಮ ಓಣಿಗೆ ಒಬ್ಬ ಮುದಿ ಅಯ್ಯನವರು ಕಂತಿ ಭಿಕ್ಷೆಗೆ ಬರುತ್ತಾರೆ. ಕಂತಿ ಭಿಕ್ಷೆಗೆ ಜೋಳ, ಅಕ್ಕಿ ಹಾಕಿದರೆ ನಡೆಯುವುದಿಲ್ಲ, ಬೇಯಿಸಿದ ಅಡಿಗೆಯೇ ಆಗಬೇಕು. ಅವರು ಬಾಗಿಲಲ್ಲಿ ನಿಂತಾಗ ಬಿಸಿ ರೊಟ್ಟಿ, ಅದರ ಮೇಲೆ ಪಲ್ಯ ಹಾಕಿ ಜೋಳಿಗೆಗೆ ನೀಡುತ್ತಿದ್ದೆ. ರೊಟ್ಟಿ ಉಬ್ಬಿದಾಗ ಬರುವ ಆ ಹಬೆಯ ವಾಸನೆ ಮೂಗಿಗೆ ಹೋಗುತ್ತದಲ್ಲ, ಅದನ್ನು ಹರಕೆಯಲ್ಲಿ ಸೇರಿಸಿರಲಿಲ್ಲ ಅನ್ನುವುದೇ ಒಂದು ಸಮಾಧಾನ. ಜೊಲ್ಲು ನುಂಗಿಕೊಂಡು ಒಳಗೆ ಬಂದು ನೆನೆದ ಹೆಸರುಕಾಳು ಅಗಿಯುತ್ತಿದ್ದೆ.

ಕಟಬಾಯಿ ಸೀಳತೊಡಗಿದ್ದು ಸಂಕ್ರಾಂತಿಯಾದ ಮೇಲೆ. ಮೊದಲು ಚಳಿಗೆ ಅಂದುಕೊಂಡೆ. ಚಳಿ ಹೋಗಿ ಬಿಸಿಲು ಬಂತು, ಇದು ಹೋಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದೆ, ಬೆಣ್ಣೆ ಹಚ್ಚಿದೆ. ಹಚ್ಚುವಾಗ ಬೆಣ್ಣೆ ಬಾಯೊಳಗೆ ಹೋದೀತೆಂದು ತುಟಿ ಬಿಗಿ ಹಿಡಿದು ಹಚ್ಚಿದೆ. ಕಾಯಿಸಿದ ಹಾಲಿನ ಬೆಣ್ಣೆ ಅಲ್ಲವೇ ಅದು.

ಕಂಡವರೆಲ್ಲ ಹೇಳಿದ್ದು ಒಂದೇ ಮಾತು. ಉಷ್ಣ ಆಗಿದೆ. ನಮ್ಮ ಕಡೆ ಬಾಯಿ ಹುಣ್ಣಾಗಲಿ, ಕಣ್ಣು ಉರಿಯಲಿ, ಅಂಗಾಲು ಬಿರಿಯಲಿ, ಎಲ್ಲಕ್ಕೂ ಉಷ್ಣವೇ ಕಾರಣ. ಪಕ್ಕದ ಮನೆಯವಳು ಕಾಮಕಸ್ತೂರಿ ಬೀಜ ನೆನೆಸಿ ಕುಡಿ ಅಂದಳು. ಅತ್ತೆ ನೆತ್ತಿಗೆ ಎಣ್ಣೆ ಒತ್ತಿದರು. ತಂಪಿನ ಪದಾರ್ಥ ತಿನ್ನು ಅಂದರು ಎಲ್ಲರೂ. ತಂಪಿನ ಪದಾರ್ಥ ಅಂದರೆ ಏನು? ಸೌತೆಕಾಯಿ, ಕಲ್ಲಂಗಡಿ, ಗಜ್ಜರಿ, ಸೊಪ್ಪು. ನಾನು ತಿನ್ನುತ್ತಿದ್ದದ್ದೇ ಅದನ್ನು. ಇನ್ನಷ್ಟು ತಿಂದೆ. ಕಾಳು ಕಡಿಮೆ ಮಾಡಿದೆ, ಕಾಳು ಉಷ್ಣ ಅಂತ. ಹಸಿ ಶೇಂಗಾ ಬಿಟ್ಟೆ, ಅದೂ ಉಷ್ಣ. ಸೀಳು ಒಂದು ಕಡೆ ಇದ್ದದ್ದು ಎರಡೂ ಕಡೆ ಆಯಿತು. ನಾಲಿಗೆ ಕೆಂಪಗೆ, ಸವೆದ ನಾಣ್ಯದ ಹಾಗೆ ನುಣ್ಣಗಾಯಿತು. ಬಾವಿಯಿಂದ ಒಂದು ಕೊಡ ತಂದಿಟ್ಟರೆ ತಲೆ ತಿರುಗಿ ಕಟ್ಟೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಅಷ್ಟು ತಂಪು ತಿಂದರೂ ಇಷ್ಟು ಉಷ್ಣ ಇದೆಯೆಂದರೆ ಒಳಗೆ ಎಷ್ಟು ಇದ್ದೀತು ಅಂತ ಅತ್ತೆ ಗಾಬರಿಯಾಗಿ ಇನ್ನೊಂದು ಸೌತೆಕಾಯಿ ಹೆಚ್ಚಿ ಕೊಟ್ಟರು.

ಅತ್ತ ಯಜಮಾನರಿಗೆ ನನ್ನ ಮೇಲೆ ಅಭಿಮಾನ ಉಕ್ಕಿತ್ತು. ಹೆಂಡತಿ ತಮಗಿಂತ ಗಟ್ಟಿಯಾಗಿ ಹಸಿ ಊಟ ಹಿಡಿದಿದ್ದಾಳೆ ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅದು ಸವಣೂರಿಗೂ ಮುಟ್ಟಿತು. ಅಲ್ಲಿ ಹೆಣ್ಣುಮಕ್ಕಳ ಒಂದು ಸಭೆ ಕೂಡಿಸಿ, ಹಸಿ ಆಹಾರದ ಬಗ್ಗೆ ಎರಡು ಮಾತು ಹೇಳಲು ನನ್ನನ್ನೇ ಕರೆದರು. ನಾನು ಒಲ್ಲೆ ಅಂದೆ. ಯಜಮಾನರು ಮಾತು ಕೊಟ್ಟು ಬಂದಿದ್ದರು.

ಹೋದೆ. ವೇದಿಕೆ ಮೇಲೆ ಕೂಡಿಸಿ ಹೂವು ಕೊಟ್ಟರು. ನನ್ನ ಮುಂದೆ ಸಾಲಾಗಿ ಹೆಣ್ಣುಮಕ್ಕಳು, ಎಲ್ಲರ ಬಾಯಲ್ಲೂ ಎಲೆ ಅಡಿಕೆ, ಸವಣೂರಿನ ಎಲೆಯೆಂದರೆ ಕೇಳಬೇಕೆ. ನನಗೂ ಒಂದು ಕೊಟ್ಟಿದ್ದರು, ಹಸಿ ಎಲೆ ತಿನ್ನಬಹುದಲ್ಲ ಅಂತ ಎಲೆಯೊಂದನ್ನೇ ಬಾಯಿಗೆ ಹಾಕಿದ್ದೆ. ಎಲೆಯ ಖಾರ ಸೀಳಿಗೆ ತಾಗಿ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡ ಯಜಮಾನರ ಗೆಳೆಯರು ಮೈಕಿನಲ್ಲಿ, ನೋಡಿ, ಈ ತಾಯಿಗೆ ಎಷ್ಟು ಭಕ್ತಿ, ಮಾತಾಡುವ ಮೊದಲೇ ಕಣ್ಣು ತುಂಬಿದೆ ಅಂದರು. ನಾನು ಎದ್ದು, ಎಲ್ಲರಿಗೂ ಒಳ್ಳೆಯದಾಗಲಿ ಅಂತ ಸೆರಗಿನ ಹಿಂದಿನಿಂದ ಅಂದು ಕುಳಿತೆ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಒಬ್ಬ ಮುದುಕಿ, "ಅಕಿ ಬಾಯಿ ನೋಡ್ರೇ ಮೊದಲ," ಅಂದದ್ದು ಚಪ್ಪಾಳೆಯೊಳಗೆ ಯಾರಿಗೂ ಕೇಳಲಿಲ್ಲ, ನನಗೆ ಕೇಳಿತು. ಆ ಸಭೆಯಲ್ಲಿ ಕುಳಿತ ಹೆಂಗಸರಲ್ಲಿ ಒಬ್ಬಳಾದರೂ ನನ್ನ ನೋಡಿ ಹಾಲು ಮೊಸರು ಬಿಟ್ಟಿದ್ದರೆ ಅಂತ ಆಮೇಲೆ ಎಷ್ಟೋ ದಿನ ಮನಸ್ಸಿಗೆ ಚುಚ್ಚುತ್ತಿತ್ತು.

ಮುಂದಿನ ಸೋಮವಾರ ಅಯ್ಯನವರು ಬಂದಾಗ ನಾನು ತಡೆಯಲಾರದೆ ಕೇಳಿದೆ. ಯಾರ ಹರಕೆ, ಏನು ಹರಕೆ ಅಂತ ಹೇಳಲಿಲ್ಲ. ಅವಧಿ ಹೇಳದೆ ಹೊತ್ತ ಹರಕೆಯನ್ನು ಇಳಿಸುವುದು ಹೇಗೆ ಅಂತ ಮಾತ್ರ ಕೇಳಿದೆ. ಅವರು ನನ್ನ ಬಾಯಿ ನೋಡಿದರು, ಜೋಳಿಗೆ ನೋಡಿಕೊಂಡರು.

"ನಾ ಹೊರಿಸಿದ್ದಾಗಿದ್ರ ನಾ ಇಳಸ್ತಿದ್ದೆ ತಂಗಿ. ನೀ ಯಾರ ಮುಂದ ಆಡೀಯೋ ಅವನ್ನ ಕೇಳು. ದೂರ ಹೋಗೂದೇನೈತಿ, ನಿನ್ನ ಅಂಗೈಯಾಗ ಅದಾನ."

ಕೇಳಿದೆ. ದಿನಾ ಕೇಳಿದೆ. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಪೂಜೆ ಮುಗಿಸಿ ಹೊರಗೆ ಬಂದರೆ ಯಜಮಾನರು ಅಂಗಡಿಗೆ ಹೊರಡಲು ಕಾಲು ಚಾಚಿ ಕುಳಿತಿರುತ್ತಿದ್ದರು. ಆ ಬೆರಳಿನ ಮೇಲೆ ಕಣ್ಣು ಬಿದ್ದ ಕೂಡಲೇ, ಒಂದು ತುತ್ತು ರೊಟ್ಟಿ ನಾನು ತಿಂದರೆ ಅದು ಮತ್ತೆ ಕಪ್ಪಗಾಗುತ್ತದೆ ಅನ್ನಿಸುತ್ತಿತ್ತು. ಇದು ಹುಚ್ಚು ಅಂತ ನನಗೂ ಗೊತ್ತಿತ್ತು. ಗೊತ್ತಿದ್ದರೆ ಹೆದರಿಕೆ ಬಿಡುತ್ತದೆಯೇ?

ಹಾನಗಲ್ಲಿನಲ್ಲಿ ನನ್ನ ತಂಗಿಯ ಮನೆ. ಅವಳ ಮಗಳಿಗೆ ಚೊಚ್ಚಲ ಬಸಿರು, ಕುಬಸದ ಕಾರ್ಯ ಇಟ್ಟುಕೊಂಡಿದ್ದರು. ಬಸುರಿಯನ್ನು ಹಸೆಯ ಮೇಲೆ ಕೂಡಿಸಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ ಆರತಿ ಮಾಡುವ ಕಾರ್ಯ. ಆರತಿ ಹಾಡು ನನ್ನದೇ ಅಂತ ಚಿಕ್ಕಂದಿನಿಂದ ಗೊತ್ತಾಗಿಬಿಟ್ಟಿದೆ. ನಮ್ಮ ಬಳಗದಲ್ಲಿ ಯಾರದೇ ಕಾರ್ಯವಿರಲಿ, ಮೊದಲ ಸೊಲ್ಲು ನಾನು ಎತ್ತಬೇಕು, ಉಳಿದವರು ಹಿಂದಿನಿಂದ ಹಿಡಿಯುತ್ತಾರೆ.

ಆ ಹುಡುಗಿ ಹಸೆಯ ಮೇಲೆ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಳು. ಆರತಿ ತಟ್ಟೆ ಹಿಡಿದು ನಾನು ಬಾಯಿ ತೆರೆದೆ. ದನಿ ಏರಿಸಬೇಕಾದಲ್ಲಿ ಎರಡೂ ಕಡೆ ಒಮ್ಮೆಲೇ ಸೀಳಿತು. ರಕ್ತ ಗದ್ದಕ್ಕೆ ಇಳಿದು ಆರತಿಯ ಅಕ್ಕಿಯ ಮೇಲೆ ಒಂದು ಹನಿ ಬಿತ್ತು. ಹಾಡು ಅಲ್ಲೇ ನಿಂತಿತು. ಎಲ್ಲರೂ ನೋಡುತ್ತಿದ್ದರು. ಬಸುರಿಯ ಮುಂದೆ ರಕ್ತ ಬಿದ್ದದ್ದು ಒಳ್ಳೆಯದಲ್ಲ ಅಂತ ಯಾರೋ ಪಿಸುಗುಟ್ಟಿದರು. ಆ ಹುಡುಗಿಯ ಅತ್ತೆಯೇ ಇರಬೇಕು. ನನ್ನ ತಂಗಿ ತಟ್ಟೆ ತೆಗೆದುಕೊಂಡು ಬೇರೆ ಅಕ್ಕಿ ಹಾಕಿ ತಂದಳು. ಹಾಡು ಇನ್ಯಾರೋ ಎತ್ತಿದರು. ನಾನು ಹಿತ್ತಲಲ್ಲಿ ನಲ್ಲಿಯ ಹತ್ತಿರ ಬಾಯಿ ತೊಳೆಯುತ್ತ ನಿಂತಿದ್ದೆ. ಒಳಗೆ ಎಲ್ಲರೂ ನಾನು ಕಲಿಸಿದ ಸೊಲ್ಲನ್ನೇ ಹಾಡುತ್ತಿದ್ದರು. ಹುಡುಗಿಗೆ ಆಮೇಲೆ ಸುಸೂತ್ರ ಹೆರಿಗೆಯಾಯಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ನಾನು ಅದಾಗುವ ತನಕ ಪಟ್ಟ ಪಾಡು ಓದುವವರಿಗೆ ಬೇಡ.

ಕಾರ್ಯ ಮುಗಿದ ಸಂಜೆಯೇ ತಂಗಿ ನನ್ನನ್ನು ಅಲ್ಲಿಯ ಒಬ್ಬ ಹೆಣ್ಣು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಬಾಯಿ ನೋಡಿದರು, ನಾಲಿಗೆ ಚಾಚಿಸಿದರು, ಕಣ್ಣಿನ ಕೆಳಗೆ ಎಳೆದು ನೋಡಿದರು, ರಕ್ತ ತೆಗೆದು ಪರೀಕ್ಷೆ ಮಾಡಿಸಿದರು. ಏನು ಉಣ್ಣುತ್ತೀರಿ ಅಂತ ಕೇಳಿದರು. ಹೇಳಿದೆ. ಹಾಲು? ಇಲ್ಲ. ಮೊಸರು? ಇಲ್ಲ. ಬೇಳೆ, ರೊಟ್ಟಿ? ಇಲ್ಲ. ಕಾಳು ಎಷ್ಟು? ಒಂದು ಹಿಡಿ, ಅದನ್ನೂ ಉಷ್ಣ ಅಂತ ಕಡಿಮೆ ಮಾಡಿದ್ದೇನೆ.

ಅವರು ಬೈಯಲಿಲ್ಲ. ಮೈಯಲ್ಲಿ ರಕ್ತ ಕಡಿಮೆಯಾಗಿದೆ, ಕಬ್ಬಿಣದ ಅಂಶ ಇಲ್ಲ, ಬಿ ಗುಂಪಿನ ಜೀವಸತ್ವಗಳು ಇಲ್ಲ, ಹಾಲು ಮೊಸರು ಬೇಳೆಯಿಂದ ಸಿಗುತ್ತಿದ್ದದ್ದೆಲ್ಲ ಒಮ್ಮೆಲೇ ನಿಂತುಹೋಗಿದೆ ಅಂದರು. ಮೈಗೆ ಕೊರತೆಯಾದಾಗ ಮೊದಲು ತೋರುವ ಜಾಗಗಳಲ್ಲಿ ಕಟಬಾಯಿಯೂ ಒಂದಂತೆ. ಸೀಳು ಬಿಟ್ಟಲ್ಲಿ ಒದ್ದೆಯಾಗಿ ಬೂಸ್ಟು ಹಿಡಿದಿದೆ, ನಾಲಿಗೆಯಿಂದ ನೆಕ್ಕಬೇಡಿ ಅಂದು ಮುಲಾಮು ಬರೆದರು. ಹಕ್ಕರಕಿ, ಸೌತೆಕಾಯಿ, ಮೊಳಕೆ ಕಾಳು ಎಲ್ಲ ಒಳ್ಳೆಯವೇ, ರೊಟ್ಟಿಯ ಜೊತೆ ನೀವು ಮೊದಲು ತಿನ್ನುತ್ತಿದ್ದ ಹಾಗೆಯೇ ತಿನ್ನಿ, ಅದನ್ನಷ್ಟೇ ತಿಂದರೆ ಹೀಗಾಗುತ್ತದೆ ಅಂದರು. ಕೊನೆಗೆ, "ಗುಳಿಗಿ ಕೊಡ್ತೇನ್ರಿ ಅವ್ವಾರ. ಆದ್ರ ಉಣಲಾರದ ಬರೇ ಗುಳಿಗಿ ತೊಗೊಂಡ್ರ ಮತ್ತ ಇಲ್ಲೇ ಬರ್ತೀರಿ," ಅಂದರು.

ಗುಳಿಗೆಯನ್ನು ಬೆಂಕಿ ಮುಟ್ಟಿದೆಯೋ ಇಲ್ಲವೋ ಅಂತ ಅವರನ್ನು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಗೊತ್ತಿಲ್ಲದಿದ್ದರೆ ದೋಷವಿಲ್ಲ ಅಂದುಕೊಂಡು ನುಂಗಿದೆ. ಕೆಲವು ದಿನದಲ್ಲಿ ಎಡಗಡೆ ಕೂಡಿಕೊಂಡಿತು. ಬಲಗಡೆ ಕೂಡಿದ ಹಾಗೆ ಮಾಡಿ ಮತ್ತೆ ಬಿರಿಯಿತು. ತಲೆ ತಿರುಗುವುದು ನಿಲ್ಲಲಿಲ್ಲ.

ತಂಗಿ ಫೋನು ಮಾಡಿ ಯಜಮಾನರಿಗೆ ಎಲ್ಲ ಹೇಳಿದ್ದಳು. ಅವರಿಗೆ ಮೊದಲು ನಾಚಿಕೆ, ಆಮೇಲೆ ಸಿಟ್ಟು. ಹೆಂಡತಿ ಇಷ್ಟು ಸೊರಗಿದ್ದು ತಮಗೆ ಕಾಣಲಿಲ್ಲವಲ್ಲ ಅಂತ ನಾಚಿಕೆ. ಡಾಕ್ಟರು ಹೇಳಿದರೂ ಉಣ್ಣುತ್ತಿಲ್ಲವಲ್ಲ ಅಂತ ಸಿಟ್ಟು. ದಿನಾ ಮುಂಜಾನೆ ಅದೇ ಮಾತು. ಹಾಲು ಕುಡಿ. ಒಲ್ಲೆ. ಯಾಕೆ? ಸುಮ್ಮನೆ. ಸವಣೂರಿನವರನ್ನು ಬೈದರು, ತಮ್ಮನ್ನೇ ಬೈದುಕೊಂಡರು. ಅತ್ತೆ ಮಾತ್ರ ಪೂಜೆಗೆ ಕುಳಿತ ನನ್ನನ್ನೇ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಯಜಮಾನರು ಅಂಗಡಿಯಿಂದ ಬಂದು, ಕೈಕಾಲು ತೊಳೆದು, ಊಟಕ್ಕೆ ಮೊದಲಿನ ಸಕ್ಕರೆ ಗುಳಿಗೆ ನುಂಗಿ ತಾಟಿನ ಮುಂದೆ ಕುಳಿತರು. ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು ನೀಡಿದೆ. ಅವರು ಕೈ ಹಚ್ಚಲಿಲ್ಲ. ಕೈ ಕಟ್ಟಿಕೊಂಡು ಕುಳಿತರು.

"ನೀ ಉಂಡ್ರ ನಾ ಉಣ್ತೇನಿ," ಅಂದರು.

ನಾನು ಮೊದಲು ತಮಾಷೆ ಅಂದುಕೊಂಡೆ. ರೊಟ್ಟಿ ಆರಿತು. ಪಲ್ಯದ ಮೇಲಿನ ಹಬೆ ನಿಂತಿತು. ಗುಳಿಗೆ ನುಂಗಿ ಉಣ್ಣದಿದ್ದರೆ ಏನಾಗುತ್ತದೆ ಅಂತ ಡಾಕ್ಟರು ಹೇಳಿದ್ದು ನಮ್ಮಿಬ್ಬರಿಗೂ ಗೊತ್ತಿತ್ತು. ಅದು ಗೊತ್ತಿದ್ದೇ ಕುಳಿತಿದ್ದರು. ಬೇಡ್ರಿ, ಹೀಗೆ ಮಾಡಬೇಡ್ರಿ ಅಂದೆ. ಬೆಲ್ಲದ ಚೂರು ಬಾಯಿಗೆ ಹಿಡಿದೆ. ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಅವರ ಹಣೆಯ ಮೇಲೆ ವಿಭೂತಿ ಒದ್ದೆಯಾಯಿತು. ಕಟ್ಟಿದ ಕೈ ಸಣ್ಣಗೆ ನಡುಗುತ್ತಿತ್ತು. ಮುಖ ಮಾತ್ರ ಕಲ್ಲಿನಂತೆ.

ಅವರನ್ನು ಉಳಿಸಿಕೊಳ್ಳಲು ಕಟ್ಟಿದ ಬೇಲಿ ಅವರನ್ನೇ ಒಳಗೆ ಹಾಕಿ ಮುಚ್ಚಿಕೊಂಡಿತ್ತು. ನಾನು ಉಂಡರೆ ಅವರ ಬೆರಳು, ಉಣ್ಣದಿದ್ದರೆ ಅವರ ಜೀವ. ಆ ಕಡೆ ಈ ಕಡೆ ಎಲ್ಲೂ ಹೋಗಲು ದಾರಿ ಇರಲಿಲ್ಲ.

ಅಷ್ಟರಲ್ಲಿ ಬಾಗಿಲ ಹತ್ತಿರ ಕುಳಿತಿದ್ದ ಅತ್ತೆ ಅಂದರು. "ಹರಕಿ ಹೊತ್ತೀಯಲ್ಲ. ಹೇಳಿಬಿಡು. ಫಲಾ ಹೋದ್ರ ಹೋಗ್ಲಿ, ಮಗಾ ಹೋಗೂದು ಬ್ಯಾಡ."

ಅವರಿಗೆ ಯಾವಾಗ ತಿಳಿಯಿತೋ ಇವತ್ತಿಗೂ ನಾನು ಕೇಳಿಲ್ಲ. ಹೇಳಿದೆ. ತಲೆ ತಗ್ಗಿಸಿ, ಆ ಮುಂಜಾನೆ ಅಂದ ಮಾತನ್ನು ಅಷ್ಟಕ್ಕಷ್ಟೇ ಹೇಳಿದೆ. ಯಾವಾಗಿನ ತನಕ ಅಂತ ಹೇಳಿಲ್ಲ ಅಂತಲೂ ಹೇಳಿದೆ. ಯಜಮಾನರು ತಮ್ಮ ಕಾಲನ್ನು ನೋಡಿಕೊಂಡರು.

"ನನ್ನ ಕಿರಿಬೆರಳಿಗೆ ನಿನ್ನ ಬಾಯಿ ಒತ್ತೆ ಇಟ್ಟೀಯೇನ?" ಅಂದರು. "ಬಿಡಿಸ್ಕೊಳ್ಳೂ ಗಡುವು ಹೇಳಲಾರದ? ಯಾವ ದಲಾಲಿನೂ ಹಿಂಗ ಬರಕೊಡೂದಿಲ್ಲ ಮಾರಾಯ್ತಿ."

ನಾನು ಎದ್ದು ಪೂಜೆಯ ಕೋಣೆಗೆ ಹೋದೆ. ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಆ ಹೊತ್ತು ಕೇಳಲು ಏನೂ ಉಳಿದಿರಲಿಲ್ಲ. ತಂದೆ, ನನ್ನಿಂದ ಆಗುವುದಿಲ್ಲ, ಏನಾದರೂ ಮಾಡುವುದಿದ್ದರೆ ನನಗೆ ಮಾಡು, ಅವರಿಗೆ ಮಾಡಬೇಡ ಅಂದೆ. ಅದು ಇನ್ನೊಂದು ಹರಕೆಯೇ ಆಯಿತೇನೋ ಅಂತ ಹೆದರಿ ಅದನ್ನೂ ಅರ್ಧಕ್ಕೆ ನುಂಗಿದೆ. ಹೊರಗೆ ಬಂದು ಆರಿದ ರೊಟ್ಟಿಯ ಒಂದು ಚೂರು ಮುರಿದು, ಮೊಸರಲ್ಲಿ ಅದ್ದಿ, ಲಿಂಗಕ್ಕೆ ತೋರಿಸಿ ಬಾಯಿಗೆ ಹಾಕಿಕೊಂಡೆ. ಬಾಯಿ ಸರಿಯಾಗಿ ತೆರೆಯದೆ ಬೆರಳಿನಿಂದ ತುರುಕಬೇಕಾಯಿತು. ಮೊಸರಿನ ಹುಳಿ ಸೀಳಿಗೆ ತಾಗಿ ಜೀವ ಹೋದಂತಾಯಿತು. ರುಚಿ ಏನು ಅಂತ ಗೊತ್ತಾಗಲಿಲ್ಲ. ತಿಂಗಳುಗಟ್ಟಲೆ ಬಯಸಿದ ರೊಟ್ಟಿಯನ್ನು ಅಗಿಯದೆ ನುಂಗಿದೆ. ಯಜಮಾನರು ನಾನು ನುಂಗಿದ್ದನ್ನು ಕಂಡ ಮೇಲೆಯೇ ನಾನು ಮತ್ತೆ ಹಿಡಿದ ಬೆಲ್ಲ ತೆಗೆದುಕೊಂಡರು.

ಅತ್ತೆ ಎದ್ದು ಬಂದು ಇನ್ನೊಂದು ಬಟ್ಟಲಲ್ಲಿ ಹಾಲು ಹಾಕಿ ರೊಟ್ಟಿ ಮುರಿದು ನೆನೆಸಿ ಕೊಟ್ಟರು. "ನಾನೂ ಹಿಂಗ ಉಣ್ಣಾಕಿ, ಹಲ್ಲಿಲ್ಲ. ಇನ್ನ ಮ್ಯಾಲ ಇಬ್ಬರಿಗೂ ಒಂದ ಬೋಗಾಣ್ಯಾಗ ನೆನಸಿದ್ರಾತು," ಅಂದರು.

ಅದಾದ ಮೇಲೆ ಒಂದು ಸೋಮವಾರ ಅಯ್ಯನವರನ್ನು ಒಳಗೆ ಕೂಡಿಸಿ ಊಟಕ್ಕೆ ಹಾಕಿ ಮಂಗಲ ಮಾಡಿಸಿದೆವು. ಅವರು ಹರಕೆ ಇಳಿಯಿತು ಅಂತಲೂ ಹೇಳಲಿಲ್ಲ, ಇಳಿಯಲಿಲ್ಲ ಅಂತಲೂ ಹೇಳಲಿಲ್ಲ. ಹೊಟ್ಟೆ ತುಂಬ ಉಂಡು, ಕೈ ಮುಗಿದು ಹೋದರು. ಗುಳಿಗೆ, ಹಾಲು, ಮೊಸರು, ಬೇಳೆ, ಪಾಲಕ್ ಸೊಪ್ಪಿನ ಪಲ್ಯ ತಿನ್ನುತ್ತ ತಿನ್ನುತ್ತ ಬಾಯಿ ಮೆಲ್ಲಗೆ ಕೂಡಿತು. ನಾಲಿಗೆಗೆ ಮತ್ತೆ ತರಿ ಬಂತು. ಬಲಗಡೆ ಒಂದು ಸಣ್ಣ ಬಿಳಿ ಗೆರೆ ಉಳಿದಿದೆ. ಹೆದರಿಕೆ ಅಷ್ಟು ಬೇಗ ಹೋಗಲಿಲ್ಲ. ಯಜಮಾನರು ಸ್ವಲ್ಪ ಕುಂಟಿದರೂ ಅವರ ಕಾಲು ಹಿಡಿದು ಬೆರಳು ನೋಡುತ್ತಿದ್ದೆ. ಶಿವ ನನ್ನನ್ನು ಬಿಟ್ಟನೋ, ನಾನೇ ತಪ್ಪಿಸಿಕೊಂಡು ಬಂದೆನೋ, ಇವತ್ತಿಗೂ ನನಗೆ ತಿಳಿದಿಲ್ಲ.

ಮೊನ್ನೆ ಅತ್ತೆಯ ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆವು. ಅವರನ್ನು ಒಳಗೆ ಕರೆದೊಯ್ದ ಮೇಲೆ ನಾನು ಹೊರಗಿನ ಬಾಕಿನ ಮೇಲೆ ಕುಳಿತೆ. ಕೈ ತಾನಾಗಿ ಕೊರಳಿನ ಲಿಂಗಕ್ಕೆ ಹೋಯಿತು. ಸಿಹಿ ಬಿಡುತ್ತೇನೆ, ಒಂದು ಹೊತ್ತು ಬಿಡುತ್ತೇನೆ ಅನ್ನುವ ಮಾತು ತುಟಿಯ ತನಕ ಬಂದು ನಿಂತಿತ್ತು. ತುಟಿ ಬಿಗಿಹಿಡಿದೆ. ಏನೂ ಕೊಡುತ್ತೇನೆ ಅನ್ನದೆ, ಏನೂ ಬಿಡುತ್ತೇನೆ ಅನ್ನದೆ, ಅವರ ಕಣ್ಣು ಕಾಣಲಿ ಅಂತಷ್ಟೇ ಬೇಡಿದೆ. ಹಾಗೆ ಬರಿಗೈಯಲ್ಲಿ ಬೇಡುವುದು ಎಷ್ಟು ಕಷ್ಟ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಯಜಮಾನರು ಕೆಳಗಿನಿಂದ ಎಲೆಯಲ್ಲಿ ಎರಡು ಬಿಸಿ ಇಡ್ಲಿ ಕಟ್ಟಿಸಿಕೊಂಡು ಬಂದು ನನ್ನ ಪಕ್ಕ ಇಟ್ಟರು. ಅತ್ತೆ ಹೊರಗೆ ಬರುವ ತನಕ ತಾಳೋಣ ಅನ್ನಿಸಿತು. ತಾಳಲಿಲ್ಲ. ಬಿಸಿ ಇರುವಾಗಲೇ ಮುರಿದು ತಿಂದೆ.